ಬಿ.ಎಚ್. ರಸ್ತೆ ಹಿಡಿದು ಹೊನ್ನಾವರಕ್ಕೆ

ಪ್ರಶ್ನೆ: 74 ವರ್ಷದ ಅಪ್ಪನನ್ನು ಕಾರಿನಲ್ಲಿ ಶಿವಮೊಗ್ಗದಿಂದ ಹೊನ್ನಾವರಕ್ಕೆ ಕರೆದುಕೊಂಡು ಹೋಗಬೇಕು. ಜೋಗ ಬಿಟ್ಟರೆ ದಾರಿಯಲ್ಲಿ ಏನು ನೋಡಬಹುದು?
– ಓದುಗರು, ಭದ್ರಾವತಿ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಹಿಂದೆ ಹೆದ್ದಾರಿ 206, ಈಗ ನೀವು ಹೋಗುವ ಭಾಗಕ್ಕೆ 69. ಚಿಕ್ಕವನಿದ್ದಾಗ ಅಪ್ಪನ ಜೊತೆ ಲಾರಿಯಲ್ಲಿ ಕೂತು ಇದೇ ದಾರಿಯಲ್ಲಿ ಹೋಗುತ್ತಿದ್ದೆ. ಆನಂದಪುರ ದಾಟಿದರೆ ಗಾಳಿಯೇ ಬೇರೆ.

ಸಾಗರದಲ್ಲಿ ತಿಂಡಿ ತಿಂದು ಇಕ್ಕೇರಿಗೆ ಹೋಗಲೇಬೇಕು. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕೆಳದಿ ಅರಸರ ರಾಜಧಾನಿಯಾಗಿದ್ದ ಊರು. ಅಘೋರೇಶ್ವರ ದೇವಸ್ಥಾನದ ಎದುರು ಮಂಟಪದಲ್ಲಿ ದೊಡ್ಡ ನಂದಿ ಇದೆ. ಅಪ್ಪ ಅಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂರಲಿ, ಅವಸರ ಮಾಡಬೇಡಿ. ಮುಂದೆ ತಾಳಗುಪ್ಪ. ರೈಲು ಹಳಿ ಮುಗಿಯುವುದು ಅಲ್ಲೇ.

ಮಾವಿನಗುಂಡಿ ಆದಮೇಲೆ ಘಾಟಿ. ಇಳಿಯುವಾಗ ಕಡಿಮೆ ಗೇರಿನಲ್ಲಿರಿ, ಬ್ರೇಕ್ ಮೇಲೇ ಕಾಲಿಟ್ಟುಕೊಂಡಿರಬೇಡಿ. ಗೇರುಸೊಪ್ಪದಲ್ಲಿ ಅಪ್ಪನಿಗೆ ಹಿಂದೆ ಆ ಸೀಮೆ ಆಳಿದ ರಾಣಿ ಚೆನ್ನಭೈರಾದೇವಿಯ ಕಥೆ ಹೇಳಿ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ಅಷ್ಟು ಮೆಣಸು ಈ ಸೀಮೆಯಿಂದ ಸಮುದ್ರ ದಾಟುತ್ತಿತ್ತು. ಅಲ್ಲಿಂದ ಮುಂದೆ ಶರಾವತಿ ನಿಮ್ಮ ಜೊತೆಗೇ ಹೊನ್ನಾವರಕ್ಕೆ ಬರುತ್ತಾಳೆ. ಅಪ್ಪನನ್ನು ಹೊಳೆ ಕಾಣುವ ಕಡೆಯ ಕಿಟಕಿಗೆ ಕೂರಿಸಿ.

ಮಳೆಗಾಲದಲ್ಲಿ ಹೊರಟರೆ ಕತ್ತಲಾಗುವ ಮೊದಲೇ ಘಾಟಿ ಇಳಿದುಬಿಡಿ. ಮಂಜು ಜಾಸ್ತಿ.