ಲಿಂಕರ್‌ನ ತಕರಾರು

ಪ್ರಶ್ನೆ: ಉಬುಂಟುವಿನಲ್ಲಿ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿಯನ್ನು ಸೋರ್ಸ್‌ನಿಂದಲೇ (ಮೂಲ ಕೋಡ್‌ನಿಂದ) ಬಿಲ್ಡ್ ಮಾಡಿ ಹಾಕಿಕೊಂಡಿದ್ದೇನೆ. ಆದರೂ ನನ್ನ ಸಿ ಪ್ರೋಗ್ರಾಂಗೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಬರುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಹೆಡರ್ ಫೈಲ್ (ಲೈಬ್ರರಿಯ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವ ಫೈಲ್) ಸಿಕ್ಕಿದೆ, ಅದನ್ನು ಬಿಡಿ, ತಕರಾರು ಲಿಂಕರ್‌ನದು, ಅಂದರೆ ನಿಮ್ಮ ಕೋಡಿಗೆ ಲೈಬ್ರರಿಯನ್ನು ಜೋಡಿಸುವ ಪ್ರೋಗ್ರಾಂನದು. ಸಿ ಕಂಪೈಲರ್ ಜಿಸಿಸಿಗೆ ಕೊಡುವ ಆದೇಶದಲ್ಲಿ, ಎಸ್‌ಕ್ಯೂಲೈಟನ್ನು ಜೋಡಿಸು ಎನ್ನುವ ‘-ಎಲ್‌ಎಸ್‌ಕ್ಯೂಲೈಟ್3’ (-lsqlite3) ಇದೆಯೇ ನೋಡಿ. ಇದ್ದರೂ ಸಾಲದು, ಅದು ನಿಮ್ಮ ಸಿ ಫೈಲಿನ ಹೆಸರಿನ ನಂತರವೇ ಬರಬೇಕು. ಉಬುಂಟುವಿನ ಲಿಂಕರ್ ಎಡದಿಂದ ಬಲಕ್ಕೆ ಓದುತ್ತ, ಆ ಹೊತ್ತಿಗೆ ಯಾರೂ ಕೇಳದ ಲೈಬ್ರರಿಯನ್ನು ಕೈಬಿಟ್ಟು ಮುಂದೆ ಹೋಗುತ್ತದೆ.

ಲಿಂಕ್ ಆದಮೇಲೆ, ಓಡಿಸುವಾಗ ‘ಶೇರ್ಡ್ ಆಬ್ಜೆಕ್ಟ್ ಫೈಲ್ ತೆರೆಯಲಾಗದು’ ಎಂದರೆ ಅದು ಬೇರೆಯೇ ಕಥೆ: /ಯುಎಸ್‌ಆರ್/ಲೋಕಲ್/ಲಿಬ್‌ಗೆ ಬಂದ ಹೊಸ ಲೈಬ್ರರಿ, ಓಡಿಸುವಾಗ ಲೈಬ್ರರಿಗಳನ್ನು ಹುಡುಕಿ ತರುವ ಲೋಡರ್‌ನ ಕ್ಯಾಷ್‌ನಲ್ಲಿ (ಪಟ್ಟಿಯಲ್ಲಿ) ಇಲ್ಲ. ಆ ಪಟ್ಟಿ ಹೊಸದಾಗಲು ಒಮ್ಮೆ ‘ಸುಡೊ ಎಲ್‌ಡಿಕಾನ್ಫಿಗ್’ ಕೊಡಿ. ಎಸ್‌ಕ್ಯೂಲೈಟಿನ ಉಬುಂಟುವಿನದೇ ಹಳೆಯ ಪ್ರತಿಯೂ ಇರಬಹುದು. ಯಾವುದು ಲೋಡ್ ಆಗುತ್ತಿದೆಯೆಂದು ‘ಎಲ್‌ಡಿಡಿ’ ಆದೇಶ ತೋರಿಸುತ್ತದೆ.