ಪಾಸ್‌ಪೋರ್ಟ್ ಬದಲಾದರೆ ಊರು ಕೈತಪ್ಪುತ್ತಾ?

ಪ್ರಶ್ನೆ: ನಾವು ಮ್ಯೂನಿಕ್‌ಗೆ ಬಂದು ಏಳು ವರ್ಷವಾಯಿತು. ಇಬ್ಬರಿಗೂ ಕೆಲಸವಿದೆ, ಕಾಯಂ ವಾಸದ ಪರವಾನಗಿಯೂ ಇದೆ. ಮಗ ಒಂದನೇ ಕ್ಲಾಸು. ನನ್ನ ತವರು ಸಾಗರ ತಾಲ್ಲೂಕಿನ ತುಮರಿ ಕಡೆ, ಅಡಿಕೆ ತೋಟದ ಮನೆ. ಈಗ ಅಲ್ಲಿ ಅಪ್ಪ ಅಮ್ಮ ಇಬ್ಬರೇ. ಇಲ್ಲಿ ಭಾನುವಾರ ದೋಸೆಗೆ ಚಟ್ನಿ ರುಬ್ಬಿದರೆ ಕೆಳಗಿನ ಮನೆಯಾಕೆ ಬಾಗಿಲಿಗೆ ಚೀಟಿ ಅಂಟಿಸುತ್ತಾಳೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಊರು ಊರು ಅಂತ ಜೀವ ಬಡಿದುಕೊಳ್ಳುತ್ತದೆ. ಊರಿಗೆ ಹೋದರೆ ಎರಡನೇ ವಾರಕ್ಕೆ ಎಲ್ಲರ ಮೇಲೂ ಸಿಡುಕುತ್ತೇನೆ, ಈಸಾರ್ ನದಿ ದಂಡೆಯ ಸೈಕಲ್ ದಾರಿ ನೆನಪಾಗುತ್ತದೆ. 'ನೀನು ಅಲ್ಲಿಯವಳೇ ಆಗಿಬಿಟ್ಟೆ' ಅಂತಾಳೆ ಅಮ್ಮ. ಈ ಸಲ ಶರಾವತಿ ಹಿನ್ನೀರನ್ನು ಲಾಂಚ್ ಬದಲು ಹೊಸ ಸೇತುವೆ ಮೇಲೆ ಕಾರಿನಲ್ಲಿ ದಾಟಿದೆವು. ನನಗೆ ಅಳುವೇ ಬಂತು. ಅಪ್ಪ ನಕ್ಕರು. ಈಗ ನನ್ನ ಗಂಡ ಮೂವರಿಗೂ ಜರ್ಮನಿಯ ಪೌರತ್ವ ಪಡೆಯೋಣ ಎನ್ನುತ್ತಿದ್ದಾರೆ. ಅರ್ಜಿ ತುಂಬಿಟ್ಟಿದ್ದಾರೆ, ನಾನು ಸಹಿ ಹಾಕಿಲ್ಲ. ಹಾಕಿದರೆ ಊರಿನ ಋಣ ಹರಿದುಕೊಂಡ ಹಾಗೆ ಅನ್ನಿಸುತ್ತದೆ. ಮನೆಯಲ್ಲಿ ಮಾತು ಕಮ್ಮಿಯಾಗಿದೆ. ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಸೇತುವೆಯ ಹತ್ತಿರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಶರಾವತಿ ಹಿನ್ನೀರು ತುಂಬಿಕೊಂಡಿತು. ಕರೆಂಟು ನಾಡಿಗೆಲ್ಲ ಹೋಯಿತು. ನಿಮ್ಮ ಕಡೆಯವರಿಗೆ ಉಳಿದದ್ದು ಲಾಂಚ್‌ಗೆ ಕಾಯುವುದು. ಕತ್ತಲಾದ ಮೇಲೆ ಅದೂ ಇಲ್ಲ. ರಾತ್ರಿ ಹೊತ್ತು ಯಾರಿಗಾದರೂ ಹೆರಿಗೆ ನೋವೋ ಎದೆನೋವೋ ಬಂದರೆ ಏನು ಗತಿ ಎನ್ನುವುದು ಆ ಭಾಗದ ಮನೆಮನೆಯ ಭಯವಾಗಿತ್ತು. 2025ರ ಜುಲೈನಲ್ಲಿ ಕೊನೆಗೂ ಸೇತುವೆ ಬಂತು. ನಿಮ್ಮಪ್ಪ ನಕ್ಕದ್ದು ಸುಮ್ನೆ ಅಲ್ಲ. ಲಾಂಚ್ ಚೆಂದ ಅಂತ ಅನ್ನಿಸುವುದು ವರ್ಷಕ್ಕೊಮ್ಮೆ ಹತ್ತುವವರಿಗೆ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅಳು ಬಂದದ್ದು ಸಹಜ. ಬಿಟ್ಟು ಬಂದ ಊರು ಬಿಟ್ಟು ಬಂದ ಹಾಗೇ ಇರಲಿ ಅಂತ ಎಲ್ಲರ ಮನಸ್ಸಿಗೂ ಆಸೆ. ಆದರೆ ಆ ಆಸೆಯನ್ನು ಮುಂದಿಟ್ಟುಕೊಂಡು ಪೌರತ್ವದ ಅರ್ಜಿ ಓದಿದರೆ ತಲೆಬುಡ ಅರ್ಥವಾಗುವುದಿಲ್ಲ. ಅದನ್ನು ಸ್ವಲ್ಪ ಪಕ್ಕಕ್ಕಿಡಿ, ಕಾಗದಪತ್ರದ ಮಾತು ಆಡೋಣ.

2024ರ ಜೂನ್ 27ರಿಂದ ಜರ್ಮನಿಯ ಕಾನೂನು ಬದಲಾಗಿದೆ. ಮೊದಲು ಎಂಟು ವರ್ಷ ಇದ್ದದ್ದು ಈಗ ಐದು ವರ್ಷ ನೆಲೆಸಿದ್ದರೆ ಸಾಕು. ಹಳೆಯ ಪೌರತ್ವ ಬಿಡಬೇಕು ಅಂತ ಜರ್ಮನಿಯವರು ಈಗ ಕೇಳುವುದಿಲ್ಲ. ಕೇಳುವುದು ನಮ್ಮ ದೇಶ. ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಸಿಗುವುದು ಒಸಿಐ, ಅಂದರೆ ಭಾರತದ ಸಾಗರೋತ್ತರ ನಾಗರಿಕ ಕಾರ್ಡ್. ಅದಿದ್ದರೆ ಭಾರತಕ್ಕೆ ಜೀವನಪೂರ್ತಿ ವೀಸಾ ಬೇಡ, ಎಷ್ಟು ದಿನ ಬೇಕಾದರೂ ಇರಬಹುದು.

ನೀವು ಗಮನಿಸದೇ ಇರುವ ವಿಷಯ ಒಂದಿದೆ. ಈಗ ನಿಮ್ಮ ಹತ್ತಿರ ಇರುವುದು ಕಾಯಂ ವಾಸದ ಪರವಾನಗಿ. ಹೆಸರು ಕಾಯಂ ಅಂತಿದ್ದರೂ ಜರ್ಮನಿಯಿಂದ ಆರು ತಿಂಗಳು ಹೊರಗಿದ್ದರೆ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ನಾಳೆ ಅಪ್ಪನಿಗೆ ಹುಷಾರಿಲ್ಲ ಅಂತಾಗಿ ನೀವು ತುಮರಿಯಲ್ಲಿ ಒಂದೂವರೆ ವರ್ಷ ಇರಬೇಕಾಗಿ ಬಂತು ಅಂದುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಮ್ಯೂನಿಕ್ ಕೈತಪ್ಪಬಹುದು, ವಾಪಸ್ ಬರಲು ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಕಾಯುವುದು. ಜರ್ಮನಿಯ ಪಾಸ್‌ಪೋರ್ಟ್ ಮತ್ತು ಒಸಿಐ ಇದ್ದರೆ ಅಪ್ಪನ ಹತ್ತಿರ ಎರಡು ವರ್ಷ ಇದ್ದರೂ ಮ್ಯೂನಿಕ್‌ನ ಬಾಗಿಲು ತೆರೆದೇ ಇರುತ್ತದೆ. ಊರಿನ ಋಣ ಹರಿಯುತ್ತದೆ ಅಂತ ಯಾವ ಕಾಗದಕ್ಕೆ ಹೆದರುತ್ತಿದ್ದೀರೋ, ಊರಲ್ಲಿ ಜಾಸ್ತಿ ದಿನ ಇರಲು ಬಿಡುವುದು ಅದೇ ಕಾಗದ.

ಹಾಗಂತ ಕಳೆದುಕೊಳ್ಳುವುದು ಏನೂ ಇಲ್ಲ ಅನ್ನುವುದಿಲ್ಲ. ಭಾರತದಲ್ಲಿ ವೋಟು ಹೋಗುತ್ತದೆ, ಸರ್ಕಾರಿ ನೌಕರಿ ಇಲ್ಲ. (ವೋಟಿನ ಬಗ್ಗೆ ಸಂಕಟವಾದರೆ ಒಂದು ಪ್ರಶ್ನೆ: ಹೊರದೇಶದಲ್ಲಿದ್ದವರೂ ಹೆಸರು ನೋಂದಾಯಿಸಿ ಮತಗಟ್ಟೆಗೆ ಬಂದು ವೋಟು ಹಾಕಬಹುದು. ಈ ಏಳು ವರ್ಷದಲ್ಲಿ ಹಾಕಿದ್ದೀರಾ?) ಒಸಿಐ ಇದ್ದವರು ಹೊಲ, ತೋಟ ಕೊಳ್ಳುವಂತಿಲ್ಲ. ಆದರೆ ಅಪ್ಪನ ತೋಟ ವಾರಸುದಾರರಾಗಿ ನಿಮಗೆ ಬರುವುದಕ್ಕೆ ಅಡ್ಡಿಯಿಲ್ಲ. ಮುಂದೆ ಊರಲ್ಲೇ ನೆಲೆಸಿ ಪಕ್ಕದ ಎರಡೆಕರೆ ಸೇರಿಸಿಕೊಳ್ಳಬೇಕು ಎನ್ನುವ ಆಸೆ ನಿಜವಾಗಿ ಇದೆಯೇ? ಇದ್ದರೆ ಸಹಿಗೆ ಮೊದಲು ಯೋಚಿಸಿ. ಇನ್ನೊಂದು ಅಪಾಯ. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕೈಗೆ ಬರುವವರೆಗಿನ ವಾರಗಳಲ್ಲಿ ದಿಢೀರನೆ ಊರಿಗೆ ಹೊರಡಬೇಕಾದರೆ ವೀಸಾ ಮಾಡಿಸಿಕೊಂಡೇ ಹೋಗಬೇಕು. ವಯಸ್ಸಾದ ಅಪ್ಪ ಅಮ್ಮ ಇರುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಬೇಕು.

ಮೂವರೂ ಒಟ್ಟಿಗೇ ಬದಲಾಗಬೇಕು ಅಂತ ಕಾನೂನೇನೂ ಇಲ್ಲ. ನಿಮ್ಮ ಯಜಮಾನರು ಮೊದಲು ಮಾಡಿಸಿಕೊಳ್ಳಲಿ. ನೀವು ಈಗಿನ ಪರವಾನಗಿಯಲ್ಲೇ ಇದ್ದು ಎರಡು ವರ್ಷ ನೋಡಿ. ಅವರ ಅವಸರಕ್ಕೆ ಕಾರಣ ಏನು ಅಂತ ಕೇಳಿದ್ದೀರಾ? ಕೆಲಸ ಹೋದರೆ ಅನ್ನುವ ಭಯ ಇರಬಹುದು. ಮಗನ ಭವಿಷ್ಯ ಇರಬಹುದು. 'ಅರ್ಜಿ ತುಂಬಿಟ್ಟಿದ್ದಾರೆ' ಅಂತ ಬರೆದಿದ್ದೀರಿ, ಯಾಕೆ ತುಂಬಿದರು ಅಂತ ಬರೆದಿಲ್ಲ. ಬಹುಶಃ ನಿಮಗೆ ಗೊತ್ತಿಲ್ಲ. ಮಾತು ಕಮ್ಮಿಯಾದದ್ದಕ್ಕೆ ಔಷಧಿ ಅಲ್ಲೇ ಇದೆ.

ಇನ್ನು ಎರಡನೇ ವಾರದ ಸಿಡುಕು. ಅದಕ್ಕೆ ನಿಮ್ಮ ಗುಣ ಕಾರಣ ಅಂತ ನನಗೆ ಅನ್ನಿಸುವುದಿಲ್ಲ, ರಜೆಯಲ್ಲಿ ಮುಗಿಸಬೇಕಾದ ಕೆಲಸಗಳ ಪಟ್ಟಿ ಕಾರಣ. ವರ್ಷದ ರಜೆಯನ್ನೆಲ್ಲ ಒಟ್ಟುಮಾಡಿಕೊಂಡು ಬರುತ್ತೀರಿ ಅಂದುಕೊಳ್ಳುತ್ತೇನೆ. ಸಾಗರದ ಬ್ಯಾಂಕು, ಹಲ್ಲಿನ ಡಾಕ್ಟರು, ಶಿವಮೊಗ್ಗದ ಅತ್ತೆ ಮನೆ, ಬೆಂಗಳೂರಿನ ಮೂರು ಮದುವೆ, ವಾಪಸ್ ಒಯ್ಯಲು ತೊಡೆದೇವು, ಅಪ್ಪೆಮಿಡಿ. ನಿಮ್ಮ ಕೋಣೆಯಲ್ಲಿ ನಾಲ್ಕು ದಿನ ನೆಮ್ಮದಿಯಾಗಿ ಮಲಗಿದ್ದಿಲ್ಲ. ಅಷ್ಟು ಓಡಿದರೆ ಯಾರಾದರೂ ಸಿಡುಕುತ್ತಾರೆ. ಒಂದು ಸಲ ಎಲ್ಲ ಬಿಟ್ಟು ಅಡಿಕೆ ಕೊಯ್ಲಿನ ಹೊತ್ತಿಗೆ ಹೋಗಿ. ಸಾಧ್ಯವಾದರೆ ಸಂಬಳವಿಲ್ಲದ ರಜೆ ಕೇಳಿ, ಎರಡು ತಿಂಗಳು ಇರಿ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಬಂದನೋ ಇಲ್ಲವೋ, ಸುಲಿಯುವವರು ಸಿಕ್ಕಿದರೋ ಇಲ್ಲವೋ, ಎಲೆಚುಕ್ಕಿ ರೋಗಕ್ಕೆ ಈ ಸಲ ಎಷ್ಟು ಮರ ಹೋಯಿತು, ಎಲ್ಲ ಹತ್ತಿರದಿಂದ ನೋಡಿ. ಅದಾದ ಮೇಲೂ ಊರೇ ಬೇಕು ಅನ್ನಿಸಿದರೆ ಆ ಆಸೆಗೆ ಬೆಲೆ ಇದೆ.

ಕೆಳಮನೆಯಾಕೆಯ ಮೇಲೆ ಸಿಟ್ಟು ಬೇಡ. ಜರ್ಮನಿಯಲ್ಲಿ ಭಾನುವಾರ ಇಡೀ ದಿನ ಸದ್ದಿಲ್ಲದ ದಿನ, ಖಾಲಿ ಬಾಟಲಿಯನ್ನು ಗಾಜಿನ ಡಬ್ಬಕ್ಕೆ ಹಾಕುವುದಕ್ಕೂ ಬಿಡುವುದಿಲ್ಲ. ಚಟ್ನಿ ಶನಿವಾರ ಸಂಜೆಯೇ ರುಬ್ಬಿಟ್ಟುಕೊಳ್ಳಿ. ಸ್ವಲ್ಪ ರುಚಿ ಕಮ್ಮಿ, ನಿಜ. ಅದೇ ನಿಶ್ಶಬ್ದದಲ್ಲಿ ಅಲ್ವಾ ನಿಮ್ಮ ಮಗ ಮಧ್ಯಾಹ್ನ ಹಾಯಾಗಿ ಮಲಗುವುದು?

ಇಷ್ಟೆಲ್ಲ ಲೆಕ್ಕ ಹಾಕಿದ ನೀವು ತೋಟ ಯಾರ ಪಾಲಿಗೆ ಅಂತ ಅಪ್ಪನನ್ನು ಕೇಳಿದ ಹಾಗೆ ಕಾಣುವುದಿಲ್ಲ. ಉಯಿಲು ಬರೆದಿದ್ದಾರಾ, ಪಹಣಿಯಲ್ಲಿ ಯಾರ ಹೆಸರಿದೆ, ಅವರಿಗೆ ನೀವು ಬಂದು ತೋಟ ನೋಡಿಕೊಳ್ಳಲಿ ಅಂತ ಇದೆಯಾ ಅಥವಾ ಗುತ್ತಿಗೆಗೆ ಕೊಟ್ಟು ಆರಾಮಾಗಿ ಇರಬೇಕು ಅಂತ ಇದೆಯಾ? ಇದನ್ನು ಫೋನಿನಲ್ಲಿ ಕೇಳಬೇಡಿ, ಎದುರಿಗೆ ಕೂತು ಕೇಳಿ, ಅಮ್ಮನೂ ಪಕ್ಕದಲ್ಲಿರಲಿ. ಸಹಿ ಅಲ್ಲಿಯವರೆಗೆ ಕಾಯಲಿ. ಆ ಅರ್ಜಿಗೆ ಕೊನೆಯ ದಿನಾಂಕ ಅಂತೇನೂ ಇಲ್ಲ.