ವೇಗವೂ ಬೇಕು, ತಲುಪಿದ ಖಾತ್ರಿಯೂ ಬೇಕು

ಪ್ರಶ್ನೆ: ಹಲವರು ಒಟ್ಟಿಗೆ ಆಡುವ ಆಟವೊಂದನ್ನು ಬರೆಯುತ್ತಿದ್ದೇನೆ. ಅಂತರ್ಜಾಲದಲ್ಲಿ ಮಾಹಿತಿ ಸಾಗಿಸುವ ನಿಯಮಾವಳಿಗಳಲ್ಲಿ, ತಲುಪಿದ ಖಾತ್ರಿ ಕೊಡುವ ಟಿಸಿಪಿ ಬಳಸಿದರೆ ಆಟ ಆಗಾಗ ನಿಂತು ನಿಂತು ಸಾಗುತ್ತದೆ; ಆ ಖಾತ್ರಿ ಕೊಡದ ಯುಡಿಪಿ ಬಳಸಿದರೆ ಕೆಲವು ಸಂದೇಶಗಳು ಕಳೆದೇ ಹೋಗುತ್ತವೆ. ನಡುವಿನ ದಾರಿ ಇದೆಯೇ?

ಉತ್ತರ: ಖಂಡಿತ ಇದೆ. ಟಿಸಿಪಿ ಎಲ್ಲವನ್ನೂ ಕಳುಹಿಸಿದ ಕ್ರಮದಲ್ಲೇ ಒಪ್ಪಿಸಬೇಕಾದ್ದರಿಂದ, 41ನೆಯ ಪ್ಯಾಕೆಟ್ (ಮಾಹಿತಿಯ ತುಣುಕು) ದಾರಿಯಲ್ಲಿ ಕಳೆದರೆ 42, 43, 44 ಬಂದು ಕಾದಿದ್ದರೂ 41 ಮತ್ತೆ ಬಂದು ಸೇರುವವರೆಗೆ ಅವು ನಿಮ್ಮ ಪ್ರೋಗ್ರಾಂನ ಕೈಗೆ ಸಿಗುವುದಿಲ್ಲ. ಆಟಗಾರ ಅರೆಕ್ಷಣದ ಹಿಂದೆ ಎಲ್ಲಿದ್ದನೆಂಬ ಮಾಹಿತಿಗಾಗಿ ಹೀಗೆ ಕಾಯುವುದು ವ್ಯರ್ಥ. ಆದರೆ ‘ಬಾಗಿಲು ತೆರೆಯಿತು’ ಎಂಬ ಸಂದೇಶ ಮಾತ್ರ ತಲುಪಲೇಬೇಕು. ಆದ್ದರಿಂದ ಯಾವ ಸಂದೇಶಕ್ಕೆ ಖಾತ್ರಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ನಿಮಗೇ ಬಿಡುವ ಲೈಬ್ರರಿಯನ್ನು (ಸಿದ್ಧ ಕೋಡ್ ಸಂಗ್ರಹವನ್ನು) ಆರಿಸಿಕೊಳ್ಳಿ.

ಕ್ಯೂಬ್ ಎಂಬ ಆಟಕ್ಕಾಗಿ ಹುಟ್ಟಿದ ಇನೆಟ್ ಲೈಬ್ರರಿ ಯುಡಿಪಿಯ ಮೇಲೆಯೇ ಈ ಸೌಲಭ್ಯ ಕೊಡುತ್ತದೆ, ಸಂದೇಶಗಳು ಸಾಗಲು ಬೇರೆ ಬೇರೆ ಚಾನೆಲ್‌ಗಳನ್ನೂ ಒದಗಿಸುತ್ತದೆ. ನಿಮ್ಮ ಕೆಲಸಕ್ಕೆ ಇದೇ ಸಾಕೆಂದು ನನ್ನ ಅಭಿಪ್ರಾಯ. ಆದರೆ ಅದರಲ್ಲಿ ಗೂಢಲಿಪೀಕರಣ, ಅಂದರೆ ಬೇರೆಯವರು ಓದಲಾಗದಂತೆ ಸಂದೇಶವನ್ನು ಮರೆಮಾಡುವ ವ್ಯವಸ್ಥೆ, ಇಲ್ಲ. 2000ದಲ್ಲಿ ಪ್ರಕಟವಾದ ಇನ್ನೊಂದು ನಿಯಮಾವಳಿ ಎಸ್‌ಸಿಟಿಪಿ ಸೊಗಸಾದ ವಿನ್ಯಾಸವಾದರೂ ಅನೇಕ ಮನೆಗಳ ರೂಟರ್‌ಗಳು ಅದನ್ನು ದಾಟಗೊಡುವುದಿಲ್ಲ. ಗೋಪ್ಯತೆ ಮುಖ್ಯವಾದರೆ 2021ರಲ್ಲಿ ಆರ್‌ಎಫ್‌ಸಿ 9000 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಾಗಿ ಬಂದ, ಗೂಢಲಿಪೀಕರಣವಿರುವ ಕ್ವಿಕ್ ನಿಯಮಾವಳಿ ನೋಡಿ. ಖಾತ್ರಿಯಿಲ್ಲದ ಡೇಟಾಗ್ರಾಂ (ಬಿಡಿ ಸಂದೇಶ) ಕಳುಹಿಸುವ ಅವಕಾಶ 2022ರಲ್ಲಿ ಅದಕ್ಕೆ ಸೇರಿತು.

ಕಳೆದ ಪ್ಯಾಕೆಟ್ ಮರುರವಾನೆಯ ಕೋಡನ್ನು ನೀವೇ ಬರೆಯಲು ಹೊರಟರೆ, ಜಾಲದಲ್ಲಿ ದಟ್ಟಣೆ ಕಂಡಾಗ ವೇಗ ತಗ್ಗಿಸುವ ಏರ್ಪಾಟನ್ನು ದಯವಿಟ್ಟು ಮರೆಯಬೇಡಿ.